ಅಂಚಿನಲ್ಲಿ ಕೆಡುವ ವಾದ್ಯ

ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರ ತಾಲೂಕಿನ ಹುಲಿಕಲ್ ಕೆಲವು ವರ್ಷ ಅದನ್ನೂ ಹಿಂದೆ ಹಾಕುತ್ತದೆ. ಸಾಗರದ ಪೇಟೆಯಲ್ಲಿ ಅಷ್ಟು ಮಳೆಯಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆ ಮೂರೂ ತಾಲೂಕಿಗೆ ಒಂದೇ: ಒಗೆದ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಪುಸ್ತಕದ ಬೆನ್ನಿಗೆ ಬೂಷ್ಟು ಕೂರುತ್ತದೆ. ಇಂಥ ಹವೆಯ ನಡುವೆ ಎಲೆಕ್ಟ್ರಾನಿಕ್ ಕೀಬೋರ್ಡು ಬದುಕಬೇಕು. ಭಜನಾ ಮಂಡಳಿಯಲ್ಲಿ, ಸುಗಮ ಸಂಗೀತದ ತರಗತಿಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಚೌತಿಯ ಆರ್ಕೆಸ್ಟ್ರಾದಲ್ಲಿ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆಯ ವೇದಿಕೆಯಲ್ಲಿ ಅದಕ್ಕೆ ಕೆಲಸವಿದೆ. ಮಳೆಗಾಲದಲ್ಲಿ ಚೀಲದೊಳಗೆ ಮಲಗಿದ್ದ ಕೀಬೋರ್ಡನ್ನು ಚೌತಿಗೆ ಹೊರತೆಗೆದಾಗ ನಾಲ್ಕಾರು ಕೀಗಳು ಮೂಕವಾಗಿರುತ್ತವೆ, ಒಂದೆರಡು ಒತ್ತಿದ ಕೂಡಲೇ ಕಿರುಚುತ್ತವೆ. ಆಗ ಸಾಮಾನ್ಯವಾಗಿ ಸಿಗುವ ತೀರ್ಪು ಒಂದೇ: ಒಳಗಿನ ಬೋರ್ಡು ಹೋಗಿದೆ, ಹೊಸದು ತೆಗೆದುಕೊಳ್ಳಿ. ಈ ತೀರ್ಪು ಬಹಳ ಸಲ ತಪ್ಪು. ಎಲೆಕ್ಟ್ರಾನಿಕ್ ವಾದ್ಯ ಸಾಮಾನ್ಯವಾಗಿ ಕೆಡುವುದು ತನ್ನ ಅಂಚುಗಳಲ್ಲಿ. ಬೆರಳು ತಾಗುವಲ್ಲಿ, ಗಾಳಿ ಹೊಗುವಲ್ಲಿ, ಕರೆಂಟು ಒಳಬರುವಲ್ಲಿ, ದ್ರವ ತುಂಬಿದ ಬಿಡಿಭಾಗ ಒಣಗುವಲ್ಲಿ ಅದು ಸೋಲುತ್ತದೆ. ನಾದವನ್ನು ಹುಟ್ಟಿಸುವ ಸಿಲಿಕಾನ್ ಬಹುಪಾಲು ಹಾಗೇ ಉಳಿದಿರುತ್ತದೆ. ಆದ್ದರಿಂದ ಕೀಬೋರ್ಡಿನ ಆಯುಸ್ಸನ್ನು ನಿರ್ಧರಿಸುವುದು ಒಳಗಿನ ತಂತ್ರಜ್ಞಾನ ಎಷ್ಟು ಮುಂದುವರಿದದ್ದು ಎಂಬುದಲ್ಲ. ಅಂಚಿನ ಭಾಗಗಳನ್ನು ಬೇರೆಬೇರೆಯಾಗಿ ಬಿಚ್ಚಿ ಬದಲಿಸಲು ಬರುತ್ತದೆಯೇ, ಬದಲಿಸುವ ವಿದ್ಯೆ ಮತ್ತು ವಸ್ತು ಹತ್ತಿರದಲ್ಲಿದೆಯೇ ಎಂಬುದು.

ಮೊದಲು ಬೆರಳು ತಾಗುವ ಅಂಚನ್ನೇ ನೋಡೋಣ, ಏಕೆಂದರೆ ಮಲೆನಾಡಿನಲ್ಲಿ ಮೊದಲು ಸೋಲುವುದು ಅದೇ. 61 ಕೀಗಳ ಸಾಧಾರಣ ಕೀಬೋರ್ಡಿನಲ್ಲಿ ಪ್ರತಿ ಕೀಯ ಅಡಿಗೆ ಸಿಲಿಕೋನ್ ರಬ್ಬರಿನ ಒಂದು ಗುಳ್ಳೆ ಇರುತ್ತದೆ. ಅದರ ಒಳಮೈಗೆ ಇಂಗಾಲ ಬೆರೆತ ಎರಡು ಪುಟ್ಟ ಬಿಲ್ಲೆಗಳು ಅಂಟಿರುತ್ತವೆ. ಕೆಳಗಿನ ಹಲಗೆಯ ಮೇಲೆ ಅವುಗಳಿಗೆ ಎದುರಾಗಿ ಎರಡು ಜೋಡಿ ಇಂಗಾಲದ ಗೆರೆಗಳು. ಕೀ ಒತ್ತಿದಾಗ ಮೊದಲ ಬಿಲ್ಲೆ ತನ್ನ ಗೆರೆಗಳನ್ನು ಕೂಡಿಸುತ್ತದೆ, ಕೆಲವು ಮಿಲಿಸೆಕೆಂಡು ತಡವಾಗಿ ಎರಡನೆಯದು. ವಾದ್ಯಕ್ಕೆ ಬೆರಳಿನ ಬಲ ಗೊತ್ತಾಗುವುದಿಲ್ಲ. ಅದು ಅಳೆಯುವುದು ಈ ಎರಡು ಸ್ಪರ್ಶಗಳ ನಡುವಿನ ಕಾಲವನ್ನು. ಅಂತರ ಕಡಿಮೆಯಾದರೆ ಬೆರಳು ರಭಸದಿಂದ ಬಂದಿದೆ ಎಂದರ್ಥ, ಸ್ವರ ಜೋರಾಗುತ್ತದೆ. ಈಗ ಮೊದಲ ಬಿಲ್ಲೆಯ ಮೇಲೆ ತೆಳುವಾದ ಕೊಳೆ ಕೂತಿದೆ ಎಂದುಕೊಳ್ಳಿ. ಅದು ಕೂಡುವುದು ತಡವಾಗುತ್ತದೆ, ಎರಡರ ನಡುವಿನ ಅಂತರ ಕುಗ್ಗುತ್ತದೆ, ಮೆಲ್ಲಗೆ ಒತ್ತಿದರೂ ಸ್ವರ ಚೀರುತ್ತದೆ. ಎರಡನೆಯದರ ಮೇಲೆ ಕೊಳೆ ಕೂತರೆ ಎಷ್ಟು ಗುದ್ದಿದರೂ ಸ್ವರ ಮೇಲೇಳುವುದಿಲ್ಲ. ಯಾವುದಾದರೊಂದು ಪೂರ್ತಿ ಕೂಡದಿದ್ದರೆ ಕೀ ಮೂಕ. ಮೂರು ಬೇರೆಬೇರೆ ರೋಗಗಳಂತೆ ಕಾಣುವ ಇವೆಲ್ಲ ಒಂದೇ ಕೊಳೆಯ ಮೂರು ಮುಖಗಳು. ಕೀಗಳನ್ನು ಬಿಚ್ಚಿ, ರಬ್ಬರ್ ಪಟ್ಟಿಯನ್ನು ಎತ್ತಿ, ಹಲಗೆಯ ಗೆರೆಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಮೃದುವಾಗಿ ಒರೆಸಿದರೆ ಹೆಚ್ಚಿನವು ಸರಿಹೋಗುತ್ತವೆ. ಉಜ್ಜುಕಾಗದ ಮಾತ್ರ ಕೂಡದು, ಅದು ಇಂಗಾಲದ ಪದರವನ್ನೇ ಕಿತ್ತುಬಿಡುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ಬಗೆಯ ದೋಷವೂ ಅಡಗಿರುತ್ತದೆ, ಅದನ್ನು ಗುರುತಿಸುವ ಬಗೆ ಸೊಗಸಾಗಿದೆ. 61 ಕೀಗಳಿಗೆ ಎರಡೆರಡರಂತೆ 122 ಸ್ವಿಚ್ಚುಗಳು. ಪ್ರತಿಯೊಂದಕ್ಕೂ ಒಂದೊಂದು ತಂತಿ ಎಳೆಯುವುದು ಸಾಧ್ಯವಿಲ್ಲ. ಅದಕ್ಕೆ ಅವನ್ನು ಅಡ್ಡಸಾಲು ಕಂಬಸಾಲುಗಳ ಜಾಲರಿಯಲ್ಲಿ ಕೂರಿಸುತ್ತಾರೆ. 8 ಅಡ್ಡಸಾಲು, 16 ಕಂಬಸಾಲು ಇದ್ದರೆ 128 ಸಂಧಿಗಳಾದವು. 24 ತಂತಿಗಳಲ್ಲಿ ಕೆಲಸ ಮುಗಿಯಿತು. ಪ್ರೊಸೆಸರ್ ಒಂದೊಂದೇ ಸಾಲಿಗೆ ಸರದಿಯಂತೆ ಸಂಕೇತ ಕಳಿಸಿ ಯಾವ ಸಂಧಿ ಕೂಡಿದೆ ಎಂದು ಎಡೆಬಿಡದೆ ನೋಡುತ್ತಿರುತ್ತದೆ. ಹಾಗಾಗಿ ಒಂದು ತಂತಿ ತುಂಡಾದರೆ ಒಂದು ಕೀಯಷ್ಟೇ ಸಾಯುವುದಿಲ್ಲ, ಕ್ರಮಬದ್ಧವಾಗಿ ಹಲವು ಸಾಯುತ್ತವೆ. ಎಂಟು ಕೀಗೊಂದರಂತೆ, ಅಥವಾ ಅಕ್ಕಪಕ್ಕದ ಒಂದು ಗುಂಪು ಪೂರ್ತಿ. ಅಲ್ಲೊಂದು ಇಲ್ಲೊಂದು ಕೀ ಸತ್ತಿದ್ದರೆ ದೋಷ ರಬ್ಬರಿನದು. ಲೆಕ್ಕ ಹಾಕಿದಂತೆ ಸತ್ತಿದ್ದರೆ ದೋಷ ರಿಬ್ಬನ್ ಕೇಬಲಿನದು ಅಥವಾ ಅದರ ಬೆಸುಗೆಯದು. ಯಾವ ಉಪಕರಣವೂ ಇಲ್ಲದೆ, ವಾದ್ಯವನ್ನು ಬಿಚ್ಚುವ ಮುಂಚೆಯೇ, ಕೆಳಗಿನಿಂದ ಮೇಲಿನವರೆಗೆ ಎಲ್ಲ ಕೀಗಳನ್ನು ಒಮ್ಮೆ ನುಡಿಸಿ ಕಾಗದದ ಮೇಲೆ ಗುರುತು ಹಾಕಿಕೊಂಡರೆ ಸಾಕು, ಇಷ್ಟು ತಿಳಿಯುತ್ತದೆ. ಬೋರ್ಡು ಹೋಗಿದೆ ಎಂಬ ತೀರ್ಪಿಗೂ ಈ ಒಂದು ಹಾಳೆ ಕಾಗದಕ್ಕೂ ನಡುವೆ ಹಲವು ಸಾವಿರ ರೂಪಾಯಿಗಳ ವ್ಯತ್ಯಾಸವಿದೆ.

ಕೊಳೆ ಕೂರುವುದು ಏಕೆ ಎಂಬುದಕ್ಕೆ ಉತ್ತರ ಹವೆಯಲ್ಲಿದೆ. ಗಾಳಿ ತಣ್ಣಗಿದ್ದಷ್ಟೂ ಅದು ಹಿಡಿದುಕೊಳ್ಳಬಲ್ಲ ನೀರಾವಿ ಕಡಿಮೆ. ಆಷಾಢದ ಒಂದು ದಿನ ಹೊಸನಗರದ ಮನೆಯೊಳಗೆ ಉಷ್ಣತೆ 22 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡಾ 95 ಎಂದು ಊಹಿಸಿಕೊಳ್ಳೋಣ. ಮೂಲೆಯಲ್ಲಿಟ್ಟ ಕೀಬೋರ್ಡಿನ ಹೊಟ್ಟೆಯಲ್ಲೂ ಅದೇ ಗಾಳಿ. ಶೇಕಡಾ 75ರಿಂದ 80 ದಾಟಿದ ತೇವ ದಿನಗಟ್ಟಲೆ ನಿಂತರೆ ಬೂಷ್ಟು ಬೆಳೆಯಲು ಸಾಕು. ರಬ್ಬರಿನ ಮೇಲಿನ ಧೂಳು, ಬೆರಳಿನ ಬೆವರಿನ ಉಪ್ಪು, ಅಂಚಿನಿಂದ ಒಳನುಗ್ಗಿದ ಇರುವೆಯ ಅವಶೇಷ ಎಲ್ಲವೂ ನೀರು ಹೀರಿ ಅಂಟಾಗುತ್ತವೆ. ಅದೇ ವಾದ್ಯವನ್ನು ದಿನಕ್ಕೆ ಎರಡು ಗಂಟೆ ನುಡಿಸಿ, ಒಳಗಿನ ಉಷ್ಣತೆ ಐದು ಡಿಗ್ರಿ ಏರಿ 27 ಆಯಿತು ಎಂದುಕೊಳ್ಳಿ. ಒಳಗಿನ ನೀರಾವಿ ಅಷ್ಟೇ ಇದ್ದರೂ ಸಾಪೇಕ್ಷ ಆರ್ದ್ರತೆ ಸುಮಾರು 70ಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ನೀರಿನ ಆವಿಯೊತ್ತಡದ ಕೋಷ್ಟಕ ಹಿಡಿದು ಯಾರು ಬೇಕಾದರೂ ಮಾಡಬಹುದು. ಮಳೆ ಮುಗಿಯಲಿ, ಆಮೇಲೆ ತೆಗೆಯೋಣ ಎಂದು ದಪ್ಪ ಪ್ಲಾಸ್ಟಿಕ್ ಹೊದಿಸಿ ಕಟ್ಟಿಡುವುದು ವಾದ್ಯಕ್ಕೆ ರಕ್ಷಣೆಯಂತೆ ಕಂಡರೂ ಕಟ್ಟುವಾಗಲೇ ತೇವ ಒಳಗೆ ಸೇರಿದ್ದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಮಳೆಗಾಲದಲ್ಲಿ ದಿನಾ ನುಡಿಸುವುದೇ ಒಳ್ಳೆಯ ಸಂರಕ್ಷಣೆ. ಅದು ಆಗದಿದ್ದರೆ ಬೇಸಿಗೆಯಲ್ಲಿ, ಗಾಳಿ ಒಣಗಿರುವಾಗಲೇ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದಂತೆ ಮುಚ್ಚಬೇಕು, ಜುಲೈನಲ್ಲಲ್ಲ.

ಇದಕ್ಕೊಂದು ಆಕ್ಷೇಪ ಬರಬಹುದು: ತೇವವಿರುವಾಗ ಕರೆಂಟು ಹರಿಸುವುದೇ ಅಪಾಯವಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಹಲಗೆಯ ಮೇಲೆ ನೀರಿನ ಪೊರೆ ಇದ್ದು, ಅಕ್ಕಪಕ್ಕದ ಎರಡು ಗೆರೆಗಳ ನಡುವೆ ವೋಲ್ಟೇಜ್ ಇದ್ದರೆ ಧನದ ಕಡೆಯ ಲೋಹ ಅಯಾನುಗಳಾಗಿ ಕರಗಿ, ಋಣದ ಕಡೆ ಹೋಗಿ ಮತ್ತೆ ಲೋಹವಾಗಿ ಕೂರುತ್ತದೆ. ಕವಲೊಡೆಯುವ ಬೇರಿನಂಥ ಎಳೆಗಳು ಬೆಳೆದು ಕೊನೆಗೆ ಎರಡೂ ಗೆರೆಗಳನ್ನು ಬೆಸೆದುಬಿಡುತ್ತವೆ. ಆದರೆ ಇದಕ್ಕೆ ಹನಿಗಟ್ಟಿದ ನೀರು ಬೇಕು, ಜೊತೆಗೆ ಉಪ್ಪಿನಂಶ ಬೇಕು. ಮಳೆಯಲ್ಲಿ ಜೀಪಿನ ಮೇಲೆ ಬಂದ ವಾದ್ಯವನ್ನು ಬೆಚ್ಚಗಿನ ಸಭಾಂಗಣದಲ್ಲಿ ಬಿಚ್ಚಿದ ಕೂಡಲೇ ಸ್ವಿಚ್ ಹಾಕಿದರೆ ಈ ಅಪಾಯ ನಿಜ. ತಣ್ಣಗಿನ ಹಲಗೆಯ ಮೇಲೆ ಬೆಚ್ಚಗಿನ ಗಾಳಿಯ ತೇವ ಹನಿಗಟ್ಟುತ್ತದೆ. ಒಂದು ಗಂಟೆ ಬಿಚ್ಚಿಟ್ಟು ಆಮೇಲೆ ಹಚ್ಚಿದರೆ ಅಪಾಯವಿಲ್ಲ. ಮನೆಯಲ್ಲಿ ಒಂದೇ ಕೋಣೆಯಲ್ಲಿರುವ ವಾದ್ಯಕ್ಕೆ ಇದು ಬಾಧಕವೇ ಅಲ್ಲ.

ಅಂಚಿನ ಮಾತಿಗೆ ಪೂರಕವಾಗಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಜಿ. ರಾಜ್ ನಾರಾಯಣ್ ತಮ್ಮ ರಾಡೆಲ್ ಸಂಸ್ಥೆಯ ಮೂಲಕ 1979ರ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಹೊರತಂದ ಮೇಲೆ ಈ ಬಗೆಯ ಪೆಟ್ಟಿಗೆಗಳು ಶಾಸ್ತ್ರೀಯ ಕಛೇರಿಯಿಂದ ಯಕ್ಷಗಾನದ ಹಿಮ್ಮೇಳದವರೆಗೂ ಬಂದವು. ಒಂದು ಕಾಲಕ್ಕೆ ಪುಂಗಿ, ಆಮೇಲೆ ತಿದಿಯ ಶ್ರುತಿಪೆಟ್ಟಿಗೆ ಮಾಡುತ್ತಿದ್ದ ಕೆಲಸವನ್ನು ಈಗ ಅಂಗೈಯಗಲದ ಡಬ್ಬಿ ಮಾಡುತ್ತದೆ. ಕೀಬೋರ್ಡಿನಲ್ಲಿರುವ ಜಾತಿಯದೇ ಸರ್ಕೀಟು, ಮಳೆಗಾಲದ ತಾಳಮದ್ದಲೆಯ ಅದೇ ಥಂಡಿ ಹವೆ. ಆದರೆ ಅದಕ್ಕೆ ಕೀಗಳಿಲ್ಲ, ಇರುವುದು ನಾಲ್ಕಾರು ತಿರುಗುಣಿಗಳು, ಒಂದು ಅಡಾಪ್ಟರ್ ತೂತು. ಅದರ ದೂರುಗಳೂ ಅಷ್ಟಕ್ಕೇ ಸೀಮಿತ: ತಿರುಗುಣಿ ತಿರುಗಿಸಿದರೆ ಕರಕರ ಸದ್ದು, ತೂತಿನಲ್ಲಿ ಪಿನ್ನು ಸಡಿಲ. ಅಂಚು ಕಡಿಮೆಯಾದಷ್ಟೂ ಕೆಡುವ ಜಾಗ ಕಡಿಮೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಹುಡುಕುವುದು ಕಷ್ಟ.

ಕರೆಂಟು ಒಳಬರುವ ಅಂಚು ಮಲೆನಾಡಿನಲ್ಲಿ ಬೇರೆಲ್ಲ ಕಡೆಗಿಂತ ದುರ್ಬಲ. ವಿದ್ಯುತ್ ಪೂರೈಸುವ ಮೆಸ್ಕಾಂನ ತಂತಿಗಳು ಕಾಡಿನ ನಡುವೆ ಹಾದುಬರುತ್ತವೆ, ಗಾಳಿಮಳೆಗೆ ಮರ ಬೀಳುತ್ತದೆ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ಬರಬಹುದು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯ ಸಿಡಿಲು ಬೇರೆ. ಇಂಥಲ್ಲಿ ಕೀಬೋರ್ಡಿನ ಹೊರಗೆ ನೇತಾಡುವ ಅಡಾಪ್ಟರ್ ಎಂಬ ಡಬ್ಬಿ, ನೋಡಲು ಅಂದವಲ್ಲದಿದ್ದರೂ, ನನ್ನ ಮಟ್ಟಿಗೆ ಅತ್ಯಂತ ವಿವೇಕದ ವಿನ್ಯಾಸ. ಹೊಡೆತವನ್ನು ಹೆಚ್ಚಾಗಿ ಅದೇ ತಿನ್ನುತ್ತದೆ. ಕೆಲವು ನೂರು ರೂಪಾಯಿಗೆ ಇನ್ನೊಂದು ಬರುತ್ತದೆ. ಆದರೆ ಬದಲಿ ತರುವಾಗ ಧ್ರುವತೆ ನೋಡದಿದ್ದರೆ ಸುಲಭದ ರಿಪೇರಿಯೇ ದೊಡ್ಡ ರೋಗವಾಗುತ್ತದೆ. ಕ್ಯಾಸಿಯೋದ ಹಳೆಯ 9 ವೋಲ್ಟಿನ ಅಡಾಪ್ಟರುಗಳಲ್ಲಿ ಪಿನ್ನಿನ ಒಳಗಡೆ ಋಣ, ಯಮಹಾದ 12 ವೋಲ್ಟಿನದರಲ್ಲಿ ಒಳಗಡೆ ಧನ. ಎರಡರ ಪಿನ್ನೂ ನೋಡಲು ಒಂದೇ ತರಹ. ವಾದ್ಯದ ಬೆನ್ನ ಮೇಲೆ ಅಚ್ಚಾಗಿರುವ ಪುಟ್ಟ ಚಿಹ್ನೆಯನ್ನು ಓದದೆ ಸಿಕ್ಕಿದ್ದನ್ನು ಚುಚ್ಚಿದಾಗ ಒಳಗಿನ ಸರ್ಕೀಟು ನಿಜಕ್ಕೂ ಸುಡಬಹುದು.

ಕಾಲದೊಂದಿಗೆ ತಾನಾಗಿಯೇ ಸೋಲುವ ಭಾಗಗಳಲ್ಲಿ ಮುಖ್ಯವಾದದ್ದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಅಲ್ಯೂಮಿನಿಯಂ ಹಾಳೆಗಳ ಸುರುಳಿ, ನಡುವೆ ದ್ರವ ಹೀರಿದ ಕಾಗದ, ತುದಿಗೆ ರಬ್ಬರ್ ಬಿರಡೆ. ದ್ರವ ಆ ಬಿರಡೆಯ ಮೂಲಕ ನಿಧಾನವಾಗಿ ಆವಿಯಾಗುತ್ತದೆ. ಅದರ ಮೈಮೇಲೆ 85 ಡಿಗ್ರಿ ಅಥವಾ 105 ಡಿಗ್ರಿ ಎಂದು ಬರೆದಿರುತ್ತದೆ. ಆ ಉಷ್ಣತೆಯಲ್ಲಿ ಅದು ಬಾಳುವುದು ಒಂದೆರಡು ಸಾವಿರ ಗಂಟೆ ಮಾತ್ರ. ಆದರೆ ಉಷ್ಣತೆ ಹತ್ತು ಡಿಗ್ರಿ ಇಳಿದಂತೆಲ್ಲ ಆಯುಸ್ಸು ಸುಮಾರಾಗಿ ಎರಡು ಪಟ್ಟಾಗುತ್ತದೆ. 85 ಡಿಗ್ರಿಯಲ್ಲಿ 1,000 ಗಂಟೆ ಬಾಳುವ ಅಗ್ಗದ ಕೆಪಾಸಿಟರ್ 45 ಡಿಗ್ರಿಯಲ್ಲಿ 16,000 ಗಂಟೆ ಬಾಳುತ್ತದೆ. ದಿನಕ್ಕೆ ಎರಡು ಗಂಟೆಯ ಲೆಕ್ಕದಲ್ಲಿ ಅದು 20 ವರ್ಷ ದಾಟುತ್ತದೆ. ಒಳಗೆ 35 ಡಿಗ್ರಿ ಮೀರದ ಮಲೆನಾಡಿನ ಮನೆಯಲ್ಲಿ ಇನ್ನೂ ಹೆಚ್ಚು. ಕೀಗಳ ಸಂಪರ್ಕಕ್ಕೆ ವೈರಿಯಾದ ಇದೇ ತಂಪು ಹವೆ ಕೆಪಾಸಿಟರಿಗೆ ಮಿತ್ರ. ಬಯಲುಸೀಮೆಯ ಬಿಸಿಲಿನಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಹವೆ ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಬದಲು ಯಾವ ಭಾಗಕ್ಕೆ ಕೆಟ್ಟದ್ದು ಎಂದು ಕೇಳುವ ಅಭ್ಯಾಸ ರಿಪೇರಿಯ ಅರ್ಧ ವಿದ್ಯೆ. ಕೆಟ್ಟ ಕೆಪಾಸಿಟರಿನ ಬೆಲೆ ಕೆಲವೇ ರೂಪಾಯಿ. ಅಳತೆ ಮೈಮೇಲೆಯೇ ಅಚ್ಚಾಗಿರುತ್ತದೆ, ಯಾವ ಕಂಪನಿಯದಾದರೂ ನಡೆಯುತ್ತದೆ, ಟಿವಿ ರಿಪೇರಿ ಮಾಡುವವರ ಡಬ್ಬಿಯಲ್ಲಿ ಸಿಗುತ್ತದೆ.

ಬ್ಯಾಟರಿಯ ಕತೆ ಇಷ್ಟು ಸೌಮ್ಯವಲ್ಲ. 1981ರಲ್ಲಿ ಬಂದ ಕಾರ್ಗ್ ಪಾಲಿಸಿಕ್ಸ್ ಎಂಬ ಸಿಂಥಸೈಸರ್ ತನ್ನ ನೆನಪನ್ನು ಉಳಿಸಿಕೊಳ್ಳಲು ಹಲಗೆಯ ಮೇಲೆ ಒಂದು ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಇಟ್ಟುಕೊಂಡಿತ್ತು. ವರ್ಷಗಳ ಮೇಲೆ ಆ ಬ್ಯಾಟರಿ ಸೋರಿ, ಅದರ ಕ್ಷಾರ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕಿತು. ಜಗತ್ತಿನಾದ್ಯಂತ ಆ ವಾದ್ಯಗಳು ಕೆಟ್ಟದ್ದು ಮುಖ್ಯವಾಗಿ ಹೀಗೆ. ನಾದದ ಸರ್ಕೀಟಿನ ತಪ್ಪು ಅಲ್ಲಿರಲಿಲ್ಲ. ನಮ್ಮ ಕೀಬೋರ್ಡುಗಳ ಅಡಿಗೆ ಹಾಕುವ ಸಾಧಾರಣ ಸೆಲ್ಲುಗಳೂ ಇದನ್ನೇ ಮಾಡುತ್ತವೆ. ಕರೆಂಟು ಹೋದಾಗ ಇರಲಿ ಎಂದು ಆರು ಸೆಲ್ ಹಾಕಿ, ಮಳೆಗಾಲ ಪೂರ್ತಿ ಹಾಗೇ ಬಿಟ್ಟರೆ ಚೌತಿಗೆ ಸ್ಪ್ರಿಂಗುಗಳ ಜಾಗದಲ್ಲಿ ತುಕ್ಕಿನ ಪುಡಿ ಇರುತ್ತದೆ.

ಈ ವಾದಕ್ಕೆ ಎದುರಾಗುವ ದೊಡ್ಡ ಆಕ್ಷೇಪ ಚಿಪ್ಪಿನ ಕಡೆಯಿಂದ ಬರುತ್ತದೆ. ಎಲ್ಲವೂ ಅಂಚಿನಲ್ಲೇ ಕೆಡುವುದಿಲ್ಲ, ಚಿಪ್ಪುಗಳೂ ಸಾಯುತ್ತವೆ. 1984ರ ರೋಲಂಡ್ ಜೂನೋ 106 ಅದಕ್ಕೆ ಪ್ರಸಿದ್ಧ ಉದಾಹರಣೆ ಎಂದು ಬಲ್ಲವರು ಹೇಳುತ್ತಾರೆ. ನಿಜ. ಅದರ ಆರು ಸ್ವರಗಳಿಗೆ ಒಂದೊಂದರಂತೆ ಆರು ಮಾಡ್ಯೂಲುಗಳಿದ್ದವು, ಸಂಖ್ಯೆ 80017ಎ. ಒಂದೊಂದಾಗಿ ಅವು ಮೂಕವಾಗತೊಡಗಿದವು, ಇಲ್ಲವೇ ಕೀ ಬಿಟ್ಟ ಮೇಲೂ ಕೂಗತೊಡಗಿದವು. ಆದರೆ ರಿಪೇರಿ ಮಾಡುವವರು ಕಂಡುಕೊಂಡದ್ದನ್ನು ಗಮನಿಸಿ. ಆ ಮಾಡ್ಯೂಲುಗಳನ್ನು ಅಸಿಟೋನಿನಲ್ಲಿ ದಿನಗಟ್ಟಲೆ ನೆನೆಸಿ, ಮೇಲೆ ಬಳಿದಿದ್ದ ರಾಳದ ಕವಚವನ್ನು ಸುಲಿದು ತೆಗೆದರೆ ಅನೇಕವು ಮತ್ತೆ ನುಡಿದವು. ಒಳಗಿನ ಸಿಲಿಕಾನ್ ಬದುಕೇ ಇತ್ತು. ರಕ್ಷಣೆಗೆಂದು ಹಚ್ಚಿದ ಲೇಪನವೇ ಕಾಲ ಕಳೆದಂತೆ ವಿದ್ಯುತ್ ಸೋರುವ ದಾರಿಯಾಗಿತ್ತು. ಆಕ್ಷೇಪವಾಗಿ ಬಂದ ಉದಾಹರಣೆ ಹೀಗೆ ಸಾಕ್ಷಿಯ ಕಡೆಗೇ ತಿರುಗುತ್ತದೆ: ಅಲ್ಲೂ ಸೋತದ್ದು ಹೊರಮೈ. ಜೊತೆಗೆ, ಹಾಳಾದದ್ದು ಕಿತ್ತು ಹಾಕಬಲ್ಲ ಆರು ತುಂಡುಗಳಾಗಿದ್ದರಿಂದ ಹೊಸ ಬದಲಿ ಮಾಡ್ಯೂಲುಗಳನ್ನು ತಯಾರಿಸುವವರೂ ಹುಟ್ಟಿಕೊಂಡರು.

ಆದರೂ ಆಕ್ಷೇಪದ ಒಂದು ಪಾಲನ್ನು ಒಪ್ಪಲೇಬೇಕು. 1983ರಲ್ಲಿ ಯಮಹಾ ತಂದ ಡಿಎಕ್ಸ್ 7 ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಎಫ್‌ಎಂ ಸಂಶ್ಲೇಷಣೆ, ಅಂದರೆ ಒಂದು ತರಂಗದಿಂದ ಇನ್ನೊಂದರ ಕಂಪನವನ್ನು ಅಲುಗಿಸಿ ಹೊಸ ನಾದ ಪಡೆಯುವ ವಿಧಾನ, ಅದರಲ್ಲಿ ಎರಡು ವಿಶೇಷ ಚಿಪ್ಪುಗಳ ರೂಪ ತಾಳಿತ್ತು. ಆ ಚಿಪ್ಪುಗಳನ್ನು ಯಮಹಾ ತನಗಾಗಿಯೇ ಮಾಡಿಕೊಂಡಿತ್ತು, ಅಂಗಡಿಯಲ್ಲಿ ಸಿಗುವಂಥವಲ್ಲ. ಅವು ಸತ್ತರೆ ಇನ್ನೊಂದು ಸತ್ತ ಡಿಎಕ್ಸ್ 7ರಿಂದ ಕಿತ್ತು ತರುವುದೇ ದಾರಿ. 2021ರಲ್ಲಿ ಕೆನ್ ಶಿರಿಫ್ ಎಂಬ ಎಂಜಿನಿಯರ್ ಅಂಥ ಚಿಪ್ಪೊಂದನ್ನು ತೆರೆದು, ಸೂಕ್ಷ್ಮದರ್ಶಕದ ಚಿತ್ರಗಳಿಂದ ಅದರ ಸರ್ಕೀಟನ್ನು ಬಿಡಿಸಿ ತೋರಿಸಿದರು. ಜ್ಞಾನವನ್ನು ಹಾಗೆ ಮರಳಿ ಪಡೆಯಬಹುದು, ಆದರೆ ಅದು ಅಸಾಧಾರಣ ಶ್ರಮದ ಕೆಲಸ. ಸಾಗರದ ರಿಪೇರಿ ಅಂಗಡಿಗೆ ಅದರಿಂದ ನೇರ ಸಹಾಯವಿಲ್ಲ. ವಿಶೇಷ ಚಿಪ್ಪು ಸುಟ್ಟರೆ ವಾದ್ಯ ಮುಗಿಯಿತು ಎಂಬುದು ಇಂದಿಗೂ ಸತ್ಯ. ನನ್ನ ಮಾತು ಇಷ್ಟು: ಆ ಸಾವು ಅಪರೂಪ, ಉಳಿದ ಸಾವುಗಳು ಸಾಮಾನ್ಯ, ಮತ್ತು ನಾವು ಸಾಮಾನ್ಯ ಸಾವುಗಳನ್ನೂ ಅಪರೂಪದ್ದರ ಲೆಕ್ಕಕ್ಕೆ ಬರೆದು ವಾದ್ಯಗಳನ್ನು ಮೂಲೆಗೆ ಎಸೆಯುತ್ತಿದ್ದೇವೆ.

ಬಾಳಿಕೆ ಬೇರೆ, ರಿಪೇರಿಗೆ ಒಗ್ಗುವುದು ಬೇರೆ ಎಂಬ ಭೇದ ಇಲ್ಲಿ ಮುಖ್ಯವಾಗುತ್ತದೆ. 1970ರ ಮಿನಿಮೂಗ್ ಬಿಡಿ ಟ್ರಾನ್ಸಿಸ್ಟರುಗಳಿಂದ ಕಟ್ಟಿದ ವಾದ್ಯ. ಬಿಸಿಯಾದಂತೆ ಅದರ ಶ್ರುತಿ ಜಾರುತ್ತಿತ್ತು, ನುಡಿಸುವವರು ಕಛೇರಿಯ ನಡುವೆಯೇ ಸರಿಮಾಡಿಕೊಳ್ಳಬೇಕಿತ್ತು. ಆದರೆ ಅದರ ಪ್ರತಿಯೊಂದು ಭಾಗವನ್ನೂ ಬದಲಿಸಬಹುದು, ಅರ್ಧ ಶತಮಾನದ ಮೇಲೂ ಅವು ನುಡಿಯುತ್ತಿವೆ. ಡಿಎಕ್ಸ್ 7ರ ಶ್ರುತಿ ಎಂದೂ ಜಾರದು, ವರ್ಷಗಟ್ಟಲೆ ತೊಂದರೆ ಕೊಡದು, ಆದರೆ ಹೃದಯ ನಿಂತರೆ ಮದ್ದಿಲ್ಲ. ಹಾರ್ಮೋನಿಯಂ ಈ ಎರಡರಲ್ಲಿ ಮೊದಲನೆಯದರ ಕುಲಕ್ಕೆ ಸೇರಿದ್ದು. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಕೈತಿದಿಯ ಹಾರ್ಮೋನಿಯಂಗೆ ರೂಪ ಕೊಟ್ಟಾಗಿನಿಂದ ಅದರ ರಚನೆ ಹೆಚ್ಚು ಬದಲಾಗಿಲ್ಲ. ಪ್ರತಿ ಸ್ವರಕ್ಕೂ ಪ್ರತ್ಯೇಕ ಹಿತ್ತಾಳೆಯ ನಾಲಿಗೆ. ತುದಿಯಲ್ಲಿ ತುಸು ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ತಿದಿಯ ಬಟ್ಟೆ ಹರಿದರೆ ಅಂಟಿಸಬಹುದು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ವರ್ಷವರ್ಷವೂ ನಾಡಿನ ಊರೂರಿಗೆ ತನ್ನ ತಿರುಗಾಟದ ತಂಡವನ್ನು ಕಳಿಸುತ್ತ ಬಂದಿದೆ. ಅಂಥ ಸಂಚಾರದಲ್ಲಿ ಯಾವ ಊರಿನಲ್ಲಿ ಕೆಟ್ಟರೂ ಅಲ್ಲೇ ಸರಿಹೋಗುವ ವಾದ್ಯಕ್ಕೆ ಇರುವ ಬೆಲೆ ದೊಡ್ಡದು.

ಹಾರ್ಮೋನಿಯಂನ ಹೊಗಳಿಕೆ ಹಳೆಯದರ ಮೋಹ ಎಂದು ಕೆಲವರಿಗೆ ಅನ್ನಿಸಬಹುದು. ಮಳೆಗಾಲದಲ್ಲಿ ಅದರ ಮರ ಉಬ್ಬಿ ಕೀಗಳು ಸಿಕ್ಕಿಕೊಳ್ಳುತ್ತವೆ, ನಾಲಿಗೆಗೆ ಕಿಲುಬು ಹಿಡಿಯುತ್ತದೆ, ಶ್ರುತಿ ಕೆಡುತ್ತದೆ. ಕೀಬೋರ್ಡಿಗಿಂತ ಹೆಚ್ಚು ಬಾರಿ ಅದಕ್ಕೆ ಕೈ ಹಾಕಬೇಕಾಗುತ್ತದೆ. ಇದೆಲ್ಲ ನಿಜ. ಅದು ಸ್ವಾವಲಂಬಿಯೂ ಅಲ್ಲ. ಒಳ್ಳೆಯ ನಾಲಿಗೆಗಳು ಗುಜರಾತಿನ ಪಾಲಿತಾಣಾದಿಂದ ಬರಬೇಕು. ಆದರೆ ಪಾಲಿತಾಣಾದ ನಾಲಿಗೆ ಯಾವ ಕಂಪನಿಯ ಹಾರ್ಮೋನಿಯಂಗೂ ಕೂರುತ್ತದೆ. ಹಾರ್ಮೋನಿಯಂ ನಮಗೆ ಕಲಿಸುವುದು ಮರ ಹಿತ್ತಾಳೆಗಳ ಮಹಿಮೆಯನ್ನಲ್ಲ, ಎಲ್ಲರೂ ಒಪ್ಪಿಕೊಂಡ ಅಳತೆಯ ಮಹಿಮೆಯನ್ನು. ಆ ಗುಣವನ್ನು ಎಲೆಕ್ಟ್ರಾನಿಕ್ ವಾದ್ಯಕ್ಕೂ ಕೊಡಬಹುದು, ಒಂದು ಕಡೆ ಕೊಟ್ಟೂ ಆಗಿದೆ.

ಆ ಒಂದು ಕಡೆ ಎಂದರೆ ಮಿಡಿ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಮುಂದೆ ನಿಂತು, ಪರಸ್ಪರ ಪೈಪೋಟಿಯ ಕಂಪನಿಗಳು ಒಪ್ಪಿಕೊಂಡು 1983ರಲ್ಲಿ ತಂದ ಈ ಪದ್ಧತಿಯಲ್ಲಿ ಒಂದು ವಾದ್ಯ ಇನ್ನೊಂದಕ್ಕೆ ಯಾವ ಕೀ, ಎಷ್ಟು ರಭಸ, ಯಾವಾಗ ಬಿಟ್ಟಿತು ಎಂಬುದನ್ನು ಸೆಕೆಂಡಿಗೆ 31,250 ಬಿಟ್‌ಗಳ ವೇಗದಲ್ಲಿ ಹೇಳುತ್ತದೆ. ನಲವತ್ತು ವರ್ಷದ ಹಿಂದಿನ ವಾದ್ಯವನ್ನು ಇವತ್ತಿನದಕ್ಕೆ ಜೋಡಿಸಿದರೂ ಮಾತು ಅರ್ಥವಾಗುತ್ತದೆ. ಐದು ಪಿನ್ನಿನ ಆ ತೂತಿನ ಹಿಂದೆ ಸಂಕೇತ ಬೆಳಕಿನ ಮೂಲಕ ದಾಟುತ್ತದೆ, ತಾಮ್ರದ ನೇರ ಸಂಪರ್ಕವಿಲ್ಲ. ಒಂದರ ವಿದ್ಯುತ್ ದೋಷ ಇನ್ನೊಂದಕ್ಕೆ ಸುಲಭವಾಗಿ ಹರಿಯದಂತೆ ಅದು ತಡೆಯಾಗುತ್ತದೆ. ರಿಪೇರಿಯ ದೃಷ್ಟಿಯಿಂದ ಮಿಡಿ ಮಾಡಿದ ಉಪಕಾರ ಕೀಗಳನ್ನೂ ನಾದವನ್ನೂ ಬೇರೆ ಮಾಡಿದ್ದು. ನಾದದ ಚಿಪ್ಪು ಸತ್ತು ಕೀಗಳು ಚೆನ್ನಾಗಿರುವ ವಾದ್ಯದಿಂದ ಇನ್ನೊಂದು ವಾದ್ಯವನ್ನೋ ಕಂಪ್ಯೂಟರನ್ನೋ ನುಡಿಸಬಹುದು. ಕೀಗಳು ಸತ್ತು ನಾದ ಉಳಿದಿದ್ದರೆ ಬೇರೆ ಕೀಬೋರ್ಡಿನಿಂದ ಅದನ್ನು ನುಡಿಸಬಹುದು. ನೆನಪನ್ನೂ ಹೊರಗೆ ಕಳಿಸಿಡಬಹುದು. ಡಿಎಕ್ಸ್ 7ರ 32 ನಾದಗಳ ಪೂರ್ತಿ ವಿವರ ಹಿಡಿಸುವುದು 4,096 ಬೈಟುಗಳಲ್ಲಿ, ಅಂದರೆ ಮೊಬೈಲಿನ ಒಂದು ಫೋಟೋದ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಹಳೆಯ ಬ್ಯಾಟರಿ ತೆಗೆಯುವ ಮುಂಚೆ ಇಷ್ಟನ್ನು ಮಾಡಿದ್ದರೆ ಏನೂ ಕಳೆಯುವುದಿಲ್ಲ.

ಇಷ್ಟಾದರೂ ಹಣದ ಪ್ರಶ್ನೆ ಉಳಿಯುತ್ತದೆ. ಕಲಿಯುವವರ ಹೊಸ ಕೀಬೋರ್ಡು ಹತ್ತು ಹದಿನೈದು ಸಾವಿರಕ್ಕೆ ಸಿಗುವಾಗ, ಅದರಲ್ಲಿ ಹಳೆಯದಕ್ಕಿಂತ ಒಳ್ಳೆಯ ನಾದ ಇರುವಾಗ ರಿಪೇರಿ ಯಾಕೆ? ಮಕ್ಕಳ ಆಟಿಕೆಯಂಥ ಚಿಕ್ಕ ಕೀಬೋರ್ಡಿನ ಮಟ್ಟಿಗೆ ಈ ವಾದ ಗೆಲ್ಲುತ್ತದೆ, ಅದನ್ನು ಒಪ್ಪಿಬಿಡೋಣ. ಅದರ ಮೇಲಿನ ದರ್ಜೆಯಲ್ಲಿ ಲೆಕ್ಕ ಬೇರೆ. ಭಾರತದ ಮಾರುಕಟ್ಟೆಗೆಂದೇ ತಬಲಾ, ತಂಬೂರಿಯ ನಾದ ತುಂಬಿ ಬಂದ ಯಮಹಾ ಪಿಎಸ್‌ಆರ್ ಐ ಸರಣಿ, ರೋಲಂಡ್ ಎಕ್ಸ್‌ಪಿಎಸ್ 10ರಂಥ ವಾದ್ಯಗಳಲ್ಲಿ ನುಡಿಸುವವರು ವರ್ಷಗಟ್ಟಲೆ ತಮ್ಮ ಹಾಡುಗಳಿಗೆ ಬೇಕಾದ ನಾದ, ಲಯ, ಶ್ರುತಿಗಳನ್ನು ಹೊಂದಿಸಿ ಕೂಡಿಟ್ಟಿರುತ್ತಾರೆ. ಹೊಸ ಮಾದರಿಗೆ ಅದೆಲ್ಲ ಹಾಗೇ ಬರುವುದಿಲ್ಲ. ಭಜನಾ ಮಂಡಳಿಗೆ ಹದಿನೈದು ಸಾವಿರ ಎಂದರೆ ಮನೆಮನೆ ತಿರುಗಿ ಕೂಡಿಸಿದ ದುಡ್ಡು. ರಬ್ಬರಿನ ಕೊಳೆಗಾಗಿ ಅದನ್ನು ಮತ್ತೆ ಕೂಡಿಸಿ ಎನ್ನುವುದು ಅನ್ಯಾಯ. ಎಸೆದ ವಾದ್ಯದ ಸೀಸದ ಬೆಸುಗೆ, ಬೆಂಕಿನಿರೋಧಕ ಸೇರಿದ ಪ್ಲಾಸ್ಟಿಕ್ಕು ಶರಾವತಿಯ ಕಣಿವೆಯಲ್ಲೇ ಎಲ್ಲೋ ಸೇರುತ್ತವೆ. ಅದರ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಕಾಣುವುದಿಲ್ಲ.

ರಿಪೇರಿಗೆ ಅಡ್ಡಿಯಾಗಿರುವುದು ದೂರ. ಯಮಹಾ 2019ರಿಂದ ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ಕೀಬೋರ್ಡುಗಳನ್ನು ತಯಾರಿಸುತ್ತಿದೆ. ವಾದ್ಯ ಹುಟ್ಟುವ ಜಾಗ ಹತ್ತಿರ ಬಂದಿದೆ, ಬಿಡಿಭಾಗ ಸಿಗುವ ಜಾಗ ಹತ್ತಿರ ಬಂದಿಲ್ಲ. ಸಾಗರದಿಂದ ಬೆಂಗಳೂರಿಗೆ 350 ಕಿಲೋಮೀಟರಿಗೂ ಹೆಚ್ಚು. ಮೂರಡಿ ಉದ್ದದ ವಾದ್ಯವನ್ನು ಬಸ್ಸಿನಲ್ಲಿ ಹೊತ್ತೊಯ್ಯುವ ಶ್ರಮಕ್ಕೆ ಹೆದರಿಯೇ ಬಹಳ ಜನ ಕೈಬಿಡುತ್ತಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ನೇಮಿಸಿ, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳು ಅದರಲ್ಲಿವೆ. ಸಂಗೀತ ವಾದ್ಯಕ್ಕೆ ಪ್ರತ್ಯೇಕ ಜಾಗವಿಲ್ಲ. ಇರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಡಿಎಕ್ಸ್ 7ರ ಕಾಲದಲ್ಲಿ ಸರ್ವಿಸ್ ಕೈಪಿಡಿಯಲ್ಲಿ ಪೂರ್ತಿ ಸರ್ಕೀಟಿನ ನಕಾಶೆ ಇರುತ್ತಿತ್ತು. ಆ ಪದ್ಧತಿಯನ್ನು ಮರಳಿ ತರುವುದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.

ಕೈಗಳ ಕೊರತೆ ಈ ಊರುಗಳಲ್ಲಿ ಇಲ್ಲ. ಪಂಪ್‌ಸೆಟ್ಟಿನ ಮೋಟಾರಿಗೆ ಹೊಸ ಸುರುಳಿ ಸುತ್ತುವವರು, ಟಿವಿ, ಯುಪಿಎಸ್ ಬಿಚ್ಚುವವರು ಮೂರೂ ಪೇಟೆಗಳಲ್ಲಿದ್ದಾರೆ. ಬೆಸುಗೆ ಹಾಕುವುದು, ಮೀಟರ್ ಹಿಡಿದು ದೋಷ ಹುಡುಕುವುದು ಅವರಿಗೆ ಕರತಲಾಮಲಕ. ಕೀಬೋರ್ಡಿಗೆಂದು ಅವರ ಬಳಿ ಇರಬೇಕಾದ ಹೆಚ್ಚುವರಿ ಸಾಮಾನೂ ದೊಡ್ಡದಲ್ಲ. ಸಂಪರ್ಕದ ರಬ್ಬರುಗಳು 61 ಕೀಗಳಿಗೆ ಒಂದೇ ತುಂಡಾಗಿ ಬರುವುದಿಲ್ಲ. ಒಂದೊಂದು ಸ್ಥಾಯಿಗೆ 12 ಅಥವಾ 13 ಗುಳ್ಳೆಗಳ ಪಟ್ಟಿಗಳಾಗಿ ಬರುತ್ತವೆ, ಒಂದೇ ಪಟ್ಟಿ ಒಂದು ಕಂಪನಿಯ ಹಲವು ಮಾದರಿಗಳಿಗೆ ಹೊಂದುತ್ತದೆ. ಹೆಚ್ಚು ಓಡಾಡುವ ಎರಡು ಮೂರು ಕಂಪನಿಗಳ ಪಟ್ಟಿ ಕೆಲವು, ಎರಡೂ ಧ್ರುವತೆಯ ಅಡಾಪ್ಟರು ಒಂದೊಂದು, ಅವುಗಳ ಪಿನ್ನು ಕೂರುವ ತೂತಿನ ಬಿಡಿಭಾಗ, ನಾಲ್ಕಾರು ಅಳತೆಯ ಕೆಪಾಸಿಟರು, ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ, ಒಂದು ಬಾಟಲಿ ಐಸೊಪ್ರೊಪೈಲ್ ಆಲ್ಕೋಹಾಲ್: ಇಷ್ಟೆಲ್ಲವೂ ಒಂದು ಮಧ್ಯಮ ಗಾತ್ರದ ಡಬ್ಬಿಯಲ್ಲಿ ಹಿಡಿಸುತ್ತವೆ, ಜುಲೈನಿಂದ ಚೌತಿಯವರೆಗೆ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಸಾಕಾಗುತ್ತವೆ.